ರ್‍ಯಾಮ್ ವಿಸ್ತರಣೆ ಮತ್ತು ಲೆಕ್ಕಪತ್ರಗಳ ಸುರಕ್ಷತೆ

ತೀರ್ಥಹಳ್ಳಿಯ ಅಡಿಕೆ ಮಂಡಿ, ಅಕ್ಕಿ ಗಿರಣಿ ಹಾಗೂ ಸಣ್ಣ ತಯಾರಿಕಾ ಘಟಕಗಳಲ್ಲಿ ಖರೀದಿ ಚೀಟಿಯಿಂದ ಜಿ.ಎಸ್.ಟಿ. ರಿಟರ್ನ್‌ವರೆಗಿನ ಲೆಕ್ಕಗಳು ಗಣಕಯಂತ್ರವನ್ನು ಅವಲಂಬಿಸಿವೆ. ಯಂತ್ರ ನಿಧಾನವಾದಾಗ ಹೊಸದನ್ನು ಕೊಳ್ಳದೆ ರ್‍ಯಾಮ್ ಹೆಚ್ಚಿಸುವುದು ಮಿತವ್ಯಯದ ಮಾರ್ಗ. ಆದರೆ ಹೊಸ ರ್‍ಯಾಮ್ ಅಳವಡಿಸಿದ ಬಳಿಕ ನೀಲಿ ಪರದೆ ಕಾಣಿಸಿಕೊಂಡರೆ, ಯಂತ್ರ ತಾನಾಗಿ ಮರುಚಾಲನೆಗೊಂಡರೆ ಅದನ್ನು ಅಲಕ್ಷಿಸುವುದು ಸಲ್ಲದು.

ಯಂತ್ರ ನಿಂತುಹೋದರೆ ದೋಷ ಕಣ್ಣಿಗೆ ಕಾಣುತ್ತದೆ. ನಿಲ್ಲದೆಯೇ ತಪ್ಪು ಅಂಕಿಯನ್ನು ದಾಖಲಿಸಿದರೆ ಅಪಾಯ ಹೆಚ್ಚು. ಯಂತ್ರವು ಸಂಖ್ಯೆಗಳನ್ನು ಸೊನ್ನೆ ಮತ್ತು ಒಂದುಗಳ ಸಾಲಾಗಿ ಇರಿಸಿಕೊಳ್ಳುತ್ತದೆ. 52,000 ಎಂಬ ಪೂರ್ಣಾಂಕದಲ್ಲಿ 16,384 ಮೌಲ್ಯದ ಒಂದು ಸ್ಥಾನ ಸೊನ್ನೆಯಾದರೆ ಉಳಿಯುವುದು 35,616. ಸಾಮಾನ್ಯ ಮೇಜಿನ ಗಣಕಯಂತ್ರಗಳಲ್ಲಿ ಬಳಸುವ ರ್‍ಯಾಮ್‌ಗೆ ಇಂತಹ ದೋಷವನ್ನು ಪತ್ತೆಹಚ್ಚಿ ತಿದ್ದುವ ಪೂರ್ಣ ವ್ಯವಸ್ಥೆ ಇರುವುದಿಲ್ಲ.

ಆದುದರಿಂದ ಅಳವಡಿಕೆಗೆ ಮೊದಲೇ ಲೆಕ್ಕದ ಸಂಪೂರ್ಣ ಬ್ಯಾಕಪ್ ತೆಗೆದು, ಯಂತ್ರದಿಂದ ಬೇರೆಯಾಗಿ ಇರಿಸಬೇಕು. ರ್‍ಯಾಮ್‌ನ ಪೀಳಿಗೆಯನ್ನೂ ಪರಿಶೀಲಿಸಬೇಕು. ಡಿ.ಡಿ.ಆರ್.3 ಮತ್ತು ಡಿ.ಡಿ.ಆರ್.4 ಪಟ್ಟಿಗಳ ಕಚ್ಚುಗಳು ಬೇರೆ ಬೇರೆ ಸ್ಥಳದಲ್ಲಿರುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒಂದೇ ಪೀಳಿಗೆಯವಾದರೂ ವೇಗ ಅಥವಾ ತಯಾರಿಕೆ ಬೇರೆಯಾಗಿದ್ದರೆ ಹಳೆಯದು ಮತ್ತು ಹೊಸದು ಹೊಂದದಿರಬಹುದು.

ದೋಷ ಕಂಡುಬಂದಲ್ಲಿ ಲೆಕ್ಕ ಬರೆಯುವುದನ್ನು ಕೂಡಲೇ ನಿಲ್ಲಿಸಬೇಕು. ಯಂತ್ರವನ್ನು ಆರಿಸಿ, ವಿದ್ಯುತ್ ತಂತಿ ಕಳಚಿ, ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡ ನಂತರವೇ ಪಟ್ಟಿಗಳನ್ನು ತೆಗೆಯಬೇಕು. ಮಲೆನಾಡಿನ ಮಳೆಗಾಲದ ತೇವ ಹಾಗೂ ಧೂಳಿನಿಂದ ಸಂಪರ್ಕ ಕೆಡುವುದುಂಟು. ಸ್ಲಾಟಿನ ಧೂಳು ತೆಗೆದು, ಕೊಂಡಿ ಬೀಳುವವರೆಗೆ ಪಟ್ಟಿಯನ್ನು ಸಮನಾಗಿ ಒತ್ತಿ ಕೂರಿಸಬೇಕು. ಎಷ್ಟೋ ವೇಳೆ ದೋಷ ಇಷ್ಟರಿಂದಲೇ ನಿವಾರಣೆಯಾಗುತ್ತದೆ.

ಆಗದಿದ್ದರೆ ಪ್ರತಿ ಪಟ್ಟಿಯನ್ನೂ ಒಂದೊಂದಾಗಿ ಒಂದೇ ಸ್ಲಾಟಿನಲ್ಲಿಟ್ಟು, ವಿಂಡೋಸ್‌ನಲ್ಲಿರುವ ಮೆಮೊರಿ ಡಯಾಗ್ನಾಸ್ಟಿಕ್ ಅಥವಾ ಉಚಿತವಾಗಿ ದೊರೆಯುವ ಮೆಮ್‌ಟೆಸ್ಟ್86+ ತಂತ್ರಾಂಶದಿಂದ ಪರೀಕ್ಷಿಸಬೇಕು. ಫಲಿತಾಂಶವನ್ನು ಹೀಗೆ ಅರ್ಥೈಸಬಹುದು:

1. ಒಂದೇ ಪಟ್ಟಿ ಎಲ್ಲ ಸ್ಲಾಟುಗಳಲ್ಲೂ ದೋಷ ತೋರಿದರೆ, ದೋಷ ಆ ಪಟ್ಟಿಯದು.
2. ಎಲ್ಲ ಪಟ್ಟಿಗಳೂ ಒಂದೇ ಸ್ಲಾಟಿನಲ್ಲಿ ಮಾತ್ರ ದೋಷ ತೋರಿದರೆ, ಮದರ್‌ಬೋರ್ಡಿನ ಬಗ್ಗೆ ಅನುಮಾನಿಸಬೇಕು.
3. ಬಿಡಿಬಿಡಿಯಾಗಿ ಸರಿಯಿದ್ದು ಒಟ್ಟಿಗೆ ಕೆಟ್ಟರೆ, ಹೊಂದಾಣಿಕೆಯ ಕೊರತೆ ಇರಬಹುದು. ಬಯೋಸ್‌ನಲ್ಲಿ ಎಕ್ಸ್.ಎಂ.ಪಿ. ನಿಲ್ಲಿಸಿ, ಸಾಧಾರಣ ವೇಗಕ್ಕೆ ಇಳಿಸಿ ಮತ್ತೆ ಪರೀಕ್ಷಿಸಬೇಕು.

ಪರೀಕ್ಷೆಯನ್ನು ರಾತ್ರಿಯಿಡೀ ನಡೆಸುವುದು ಲೇಸು. ಒಂದು ದೋಷ ಕಂಡರೂ ಅದನ್ನು ಸ್ವೀಕಾರಾರ್ಹವೆಂದು ಬಗೆಯಬಾರದು. ವಾರಂಟಿಯಲ್ಲಿ ಬದಲಾಯಿಸಿಕೊಳ್ಳಲು ಕ್ರಮಸಂಖ್ಯೆ ನಮೂದಿಸಿದ ಬಿಲ್ಲನ್ನು ಜೋಪಾನವಾಗಿಡಬೇಕು.

ಯಂತ್ರ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅಳವಡಿಕೆಯ ದಿನದಿಂದ ದೋಷ ನಿವಾರಣೆಯವರೆಗೆ ಬರೆದ ನಮೂದುಗಳೆಲ್ಲ ಸಂಶಯಾಸ್ಪದವೇ. ಅವುಗಳನ್ನು ಮೂಲ ವೋಚರು, ಬ್ಯಾಂಕ್ ಪಾಸ್‌ಬುಕ್ ಹಾಗೂ ದಾಸ್ತಾನಿನೊಂದಿಗೆ ತಾಳೆ ನೋಡಬೇಕು. ವ್ಯತ್ಯಾಸ ಕಂಡರೆ ಹಳೆಯ ಬ್ಯಾಕಪ್ಪಿನಿಂದ ಲೆಕ್ಕವನ್ನು ಮರಳಿ ಪಡೆದು, ನಂತರದ ನಮೂದುಗಳನ್ನು ಹೊಸದಾಗಿ ಬರೆಯುವುದೇ ಕ್ಷೇಮ. ತಃಖ್ತೆ ಸರಿಹೊಂದಿತೆಂಬುದೊಂದೇ ಸಾಕ್ಷಿಯಲ್ಲ. ನಾವೆ ಮತ್ತು ಜಮಾ ಎರಡಕ್ಕೂ ಒಂದೇ ತಪ್ಪು ಮೊತ್ತ ಹೋಗಿದ್ದರೂ ತಃಖ್ತೆ ಹೊಂದುತ್ತದೆ.

ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಇಂದು ನುಸುಳಿದ ತಪ್ಪಿಗೆ ವರ್ಷಗಳ ನಂತರ ಉತ್ತರ ಹೇಳಬೇಕಾಗಿ ಬರಬಹುದು. ಒಂದು ರಾತ್ರಿಯ ಪರೀಕ್ಷೆ ಆ ತೊಂದರೆಯನ್ನು ತಪ್ಪಿಸಬಲ್ಲದು.