ಹೊಗೇನಕಲ್: ‘ಹೊಗೆ’ ಕನ್ನಡದ್ದು, ‘ಕಲ್’ ಇಬ್ಬರದ್ದೂ

ಧರ್ಮಪುರಿ: ಹೊಗೇನಕಲ್ ಜಲಪಾತಕ್ಕೆ ಹೋಗುವ ಬಸ್ಸಿನ ಬೋರ್ಡನ್ನು ತಮಿಳು ಬಲ್ಲವರು ಅಕ್ಷರಕ್ಕೆ ಅಕ್ಷರ ಓದಿದರೆ ‘ಒಕೇನಕ್ಕಲ್’ ಎಂದಾಗುತ್ತದೆ. ಕನ್ನಡಿಗರ ‘ಹ’ ಎಲ್ಲಿ ಹೋಯಿತು? ಒಂದು ‘ಕ’ ಎರಡಾದದ್ದೇಕೆ?

ಹೆಸರಿನ ಅರ್ಥ ಸರಳ. ಕಾವೇರಿ ಬಂಡೆಗಳ ಮೇಲೆ ಧುಮುಕಿದಾಗ ಏಳುವ ತುಂತುರು ಹೊಗೆಯಂತೆ ಕಾಣುತ್ತದೆ. ಅದು ಹೊಗೆಯ ಕಲ್ಲು. ಇದರಲ್ಲಿ ‘ಕಲ್’ ಎಂಬುದು ಕನ್ನಡಕ್ಕೂ ತಮಿಳಿಗೂ ಸೇರಿದ್ದು. ನಾಮಕ್ಕಲ್‌ನಲ್ಲಿಯೂ ಆನೇಕಲ್‌ನಲ್ಲಿಯೂ ಇರುವುದು ಇದೇ.

ಗುಟ್ಟು ಇರುವುದು ‘ಹೊಗೆ’ಯಲ್ಲಿ. ತಮಿಳಿನಲ್ಲಿ ಹೊಗೆಗೆ ‘ಪುಗೈ’, ತೆಲುಗಿನಲ್ಲಿ ‘ಪೊಗ’. ಹಳಗನ್ನಡದಲ್ಲಿಯೂ ಇದು ‘ಪೊಗೆ’ಯೇ ಆಗಿತ್ತು. ಸುಮಾರು 10ನೇ ಶತಮಾನದಿಂದೀಚೆಗೆ ಕನ್ನಡದ ಮೊದಲ ‘ಪ’ಕಾರ ಸವೆದು ‘ಹ’ ಆಗತೊಡಗಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೊಗೆ ಹೊಗೆಯಾಯಿತು. ತಮಿಳಿನಲ್ಲಿ ಈ ಬದಲಾವಣೆ ಆಗಲಿಲ್ಲ. ತಮಿಳರೇ ಇಟ್ಟ ಹೆಸರಾಗಿದ್ದರೆ ಅದು ‘ಪುಗೈಕ್ಕಲ್’ ಎಂದಿರಬೇಕಿತ್ತು. ಈಗಿನ ರೂಪ ‘ಹ’ಕಾರ ಬಂದ ನಂತರದ ಕನ್ನಡಿಗರ ಬಾಯಿಂದ ಬಂದದ್ದು.

ಇನ್ನು ಬರವಣಿಗೆ. ತಮಿಳಿನ ಮೂಲ ಅಕ್ಷರಮಾಲೆಯಲ್ಲಿ ‘ಹ’ ಇಲ್ಲ. ಗ್ರಂಥ ಲಿಪಿಯಿಂದ ಬಂದ ‘ಹ’ ಇದ್ದರೂ ಈ ಊರಿಗೆ ಅದನ್ನು ಬಳಸುವ ರೂಢಿ ಇಲ್ಲ. ‘ಕ’, ‘ಗ’ ಎರಡಕ್ಕೂ ಒಂದೇ ಅಕ್ಷರ. ಪದದ ನಡುವೆ ಒಂಟಿಯಾಗಿ ಬಂದರೆ ‘ಗ’, ಒತ್ತು ಬಂದರೆ ‘ಕ’. ಹಾಗಾಗಿ ‘ಕೇ’ ಎಂದು ಬರೆದದ್ದನ್ನು ‘ಗೇ’ ಎಂದೇ ಓದುತ್ತಾರೆ. ‘ಕಲ್’ ಎಂಬುದು ‘ಗಲ್’ ಆಗದಿರಲೆಂದೇ ‘ಕ್ಕ’. ಬೋರ್ಡಿನಲ್ಲಿ ತಪ್ಪೇನೂ ಇಲ್ಲ.

ವ್ಯಾಕರಣದವರನ್ನು ಕಾಡುವುದು ನಡುವಿನ ‘ನ’. ನಿಯಮದಂತೆ ‘ಹೊಗೆಯ ಕಲ್ಲು’ ಎನ್ನಬೇಕು, ಇಲ್ಲವೇ ಮಳೆಗಾಲದಂತೆ ‘ಹೊಗೆಗಲ್ಲು’. ‘ನ’ ಬರುವುದು ಊರಿನ, ಕಾಡಿನ ಎಂಬಂಥ ಉಕಾರಾಂತ ಪದಗಳಿಗೆ. ಆದರೆ ಊರ ಹೆಸರುಗಳು ವ್ಯಾಕರಣ ಪುಸ್ತಕ ಓದಿ ಹುಟ್ಟಿದವಲ್ಲ! ಆಡುಮಾತಿನಲ್ಲಿ ‘ಮನೆಯ’ ಎಂಬುದು ‘ಮನೇ’ ಆಗುವಂತೆ ಇಲ್ಲಿಯೂ ‘ಗೇ’ ದೀರ್ಘವಾಗಿದೆ. ತಮಿಳು ಬರಹವೂ ಆ ದೀರ್ಘವನ್ನು ಉಳಿಸಿಕೊಂಡಿದೆ.

2008ರಲ್ಲಿ ಕುಡಿಯುವ ನೀರಿನ ಯೋಜನೆಯ ಜಗಳ ಎದ್ದಾಗ, ಹೆಸರು ಕನ್ನಡದ್ದಾದ ಮೇಲೆ ಊರೂ ನಮ್ಮದೇ ಎಂಬ ವಾದ ಕೇಳಿಬಂತು. ಈ ವಾದ ನಿಲ್ಲುವುದಿಲ್ಲ. ಇಲ್ಲಿ ಕನ್ನಡ ಹಳೆಯದು ನಿಜ, ಧರ್ಮಪುರಿಯಲ್ಲಿ ನೊಳಂಬರ ಕನ್ನಡ ಶಾಸನಗಳೇ ಸಿಕ್ಕಿವೆ. ಆದರೆ ರಾಜ್ಯಗಳ ಗಡಿ 1956ರಲ್ಲಿ ನಿರ್ಧಾರವಾದದ್ದು. ಫ್ಲೋರೈಡ್ ಬೆರೆತ ಕೊಳವೆಬಾವಿ ನೀರು ಕುಡಿಯುತ್ತಿದ್ದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಜನರಲ್ಲಿ ಕನ್ನಡ ಮನೆಮಾತಿನವರೂ ಇದ್ದರು. 2013ರಲ್ಲಿ ಆ ಯೋಜನೆ ಚಾಲನೆಗೆ ಬಂತು. ತಮಿಳಿನಲ್ಲಿ ಅದರ ಹೆಸರು ‘ಒಕೇನಕ್ಕಲ್ ಕೂಟ್ಟುಕ್ ಕುಡಿನೀರ್ ತಿಟ್ಟಂ’. ಅದರಲ್ಲಿ ‘ಕುಡಿನೀರ್’ ಕನ್ನಡಿಗರಿಗೂ ಹಾಗೆಯೇ ತಿಳಿಯುತ್ತದೆ.