ಡಬ್ಬಿಯಲ್ಲಿ ಸಂಸಾರ ಹೂಡಿದ ನೀಲಿ ಜೇಡ

ಹುಬ್ಬಳ್ಳಿ ಕಡೆಯಿಂದ ಬಳ್ಳಾರಿ, ಗುಂತಕಲ್ ಮಾರ್ಗವಾಗಿ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ನಂದ್ಯಾಲ ದಾಟಿದ ಮೇಲೆ ನಲ್ಲಮಲ ಬೆಟ್ಟಸಾಲನ್ನು ಹೊಗುತ್ತದೆ. ಅಲ್ಲಿಂದ ಗಿದ್ದಲೂರಿನ ಕಡೆಗೆ ಹಳಿಯ ಎರಡೂ ಬದಿ ಎಲೆ ಉದುರುವ ಕಾಡು. ಗುಂಟೂರು, ವಿಜಯವಾಡಕ್ಕೆ ಹೋಗಿಬರುವ ಎಷ್ಟೋ ಕನ್ನಡಿಗರು ಈ ಕಾಡನ್ನು ಕಿಟಕಿಯಿಂದ ನೋಡಿರುತ್ತಾರೆ. ಆದರೆ ಇಲ್ಲಿನ ಹಳೆಯ ಮರಗಳ ಪೊಟರೆಯಲ್ಲಿ ಬದುಕುವ, ಜಗತ್ತಿನ ಇನ್ನಾವ ಕಾಡಿನಲ್ಲೂ ಸಿಗದ ಜೇಡವೊಂದನ್ನು ಕಂಡವರು ಬಹಳ ಕಡಿಮೆ. ಅದೇ ಜೇಡ ಜರ್ಮನಿಯಲ್ಲೋ ಅಮೆರಿಕದಲ್ಲೋ ಯಾರದೋ ಮಲಗುವ ಕೋಣೆಯ ಕಪಾಟಿನಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಮಕ್ಕಳು ಮರಿಗಳೊಂದಿಗೆ ಸುಖವಾಗಿದೆ.

ಮೈಯೆಲ್ಲ ಲೋಹದಂತೆ ಮಿನುಗುವ ನೀಲಿ, ನಡುನಡುವೆ ಬಿಳಿ ಕಸೂತಿಯಂಥ ಗೆರೆ, ಕಾಲಿನ ಗಂಟುಗಳಲ್ಲಿ ಹಳದಿ. ಕಾಲು ಚಾಚಿದರೆ 15ರಿಂದ 20 ಸೆಂಟಿಮೀಟರ್. ಶಾಸ್ತ್ರೀಯ ಹೆಸರು ಪೊಯಿಸಿಲೊಥೀರಿಯಾ ಮೆಟಾಲಿಕಾ. ಸಾಕುವವರ ಬಾಯಲ್ಲಿ ಗುತ್ತಿ ಟರಾಂಟುಲಾ. ಅನಂತಪುರ ಜಿಲ್ಲೆಯ ಈ ಗುತ್ತಿ 1882ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಜೇಡಕ್ಕೆ ಊರಿನ ಹೆಸರು ಅಂಟಿಕೊಂಡದ್ದು ಅಲ್ಲಿನ ರೈಲ್ವೆಯ ಮರದ ದಾಸ್ತಾನಿನಿಂದ. ಅಲ್ಲಿ ಸಿಕ್ಕ ಒಂದೇ ಒಂದು ಜೇಡವನ್ನು ಇಟ್ಟುಕೊಂಡು ಬ್ರಿಟಿಷ್ ಮ್ಯೂಸಿಯಮ್ಮಿನ ರೆಜಿನಾಲ್ಡ್ ಪೊಕಾಕ್ 1899ರಲ್ಲಿ ಇದನ್ನು ಹೊಸ ಪ್ರಭೇದವೆಂದು ವರ್ಣಿಸಿದ. ಮುಂದೆ ಭಾರತದ ಹುಲಿ, ಚಿರತೆಗಳ ಬಗ್ಗೆ ಬರೆದು ಹೆಸರಾದವನೂ ಇವನೇ. ಆಮೇಲೆ ನೂರು ವರ್ಷ ಯಾರ ಕಣ್ಣಿಗೂ ಈ ಜೇಡ ಬೀಳಲಿಲ್ಲ. ಸತ್ತೇಹೋಯಿತು ಎಂದುಕೊಂಡಿದ್ದಾಗ, 2001ರಲ್ಲಿ, ಗುತ್ತಿಯಿಂದ ಸುಮಾರು ನೂರು ಕಿಲೋಮೀಟರ್ ದೂರದ ನಂದ್ಯಾಲ–ಗಿದ್ದಲೂರು ಕಾಡಿನಲ್ಲಿ ಮತ್ತೆ ಸಿಕ್ಕಿತು. ಪೊಕಾಕನ ಜೇಡ ಗುತ್ತಿಯದಲ್ಲ, ಮರದ ದಿಮ್ಮಿಯೊಂದಿಗೆ ರೈಲು ಹತ್ತಿ ಬಂದದ್ದು ಎಂಬುದು ಈಗಿನ ಊಹೆ. ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟ ಐಯುಸಿಎನ್ 2008ರಲ್ಲಿ ಇದನ್ನು ತೀವ್ರ ಅಪಾಯದ ಅಂಚಿನಲ್ಲಿರುವ ಜೀವಿ ಎಂದು ಪಟ್ಟಿಗೆ ಸೇರಿಸಿತು. ಇದು ಬದುಕಿರುವ ಜಾಗ ನೂರು ಚದರ ಕಿಲೋಮೀಟರಿಗೂ ಕಡಿಮೆ, ಅದೂ ತುಂಡುತುಂಡು.

ಇಂಥ ಅಪರೂಪದ ಪ್ರಾಣಿಯನ್ನು ಡಬ್ಬಿಯಲ್ಲಿ ಮರಿ ಮಾಡಿಸುವುದು ಹೇಗೆ? ಮೊದಲು ಅದರ ಸ್ವಭಾವ ತಿಳಿಯಬೇಕು. ಅಮೆರಿಕ ಖಂಡಗಳ ಟರಾಂಟುಲಾಗಳಲ್ಲಿ ಬಹುಪಾಲಿಗೆ ಹೊಟ್ಟೆಯ ಮೇಲೆ ತುರಿಸುವ ಕೂದಲಿರುತ್ತದೆ. ಕೆಣಕಿದರೆ ಹಿಂಗಾಲಿನಿಂದ ಅದನ್ನು ಕೆರೆದು ಎದುರಾಳಿಯ ಮೂತಿಗೆ ಹಾರಿಸುತ್ತವೆ. ಕಚ್ಚುವ ಪ್ರಮೇಯ ಕಡಿಮೆ. ಏಷ್ಯಾ, ಆಫ್ರಿಕಾಗಳ ಟರಾಂಟುಲಾಗಳಿಗೆ ಈ ಅಸ್ತ್ರವಿಲ್ಲ. ಇವುಗಳ ಕೈಲಿರುವುದು ಎರಡೇ ಉಪಾಯ, ಓಟ ಮತ್ತು ಕಡಿತ. ನಮ್ಮ ನೀಲಿ ಜೇಡದ ಮೊದಲ ಆಯ್ಕೆ ಓಟ. ಬೆಳಕು ಬಿದ್ದರೆ ಸಾಕು, ಮರದ ತೊಗಟೆಯ ಹಿಂದಕ್ಕೆ ಸರಕ್ಕನೆ ಜಾರಿಬಿಡುತ್ತದೆ. ಓಡಲು ದಾರಿ ಇಲ್ಲದಿದ್ದರೆ ಮುಂಗಾಲುಗಳನ್ನು ಎತ್ತಿ, ಅಡಿಭಾಗದ ಹಳದಿ–ಕಪ್ಪು ಪಟ್ಟೆಗಳನ್ನು ತೋರಿಸಿ, ಕೋರೆಹಲ್ಲು ಬಿಚ್ಚಿ ನಿಲ್ಲುತ್ತದೆ. ಅದನ್ನು ನೋಡಿಯೂ ಕೈ ಮುಂದಿಟ್ಟವನ ಗತಿ ಸುಖವಲ್ಲ. ಈ ಕುಲದ ಕಡಿತಗಳ ವಿವರಗಳನ್ನು ಕಲೆಹಾಕಿ ಸ್ವಿಟ್ಜರ್ಲೆಂಡಿನ ವೈದ್ಯರು 2014ರಲ್ಲಿ ಬರೆದ ಲೇಖನದ ಪ್ರಕಾರ, ಕಚ್ಚಿಸಿಕೊಂಡವರಿಗೆ ತೀವ್ರ ನೋವಿನ ಜೊತೆಗೆ ಸ್ನಾಯು ಸೆಳೆತ ಬರುತ್ತದೆ. ಕೆಲವರಲ್ಲಿ ಅದು ಗಂಟೆಗಳಷ್ಟು ತಡವಾಗಿ ಶುರುವಾಗಿ ದಿನಗಟ್ಟಲೆ ಕಾಡುತ್ತದೆ. ಸಾವಿನ ವರದಿ ಇಲ್ಲ. ಅಷ್ಟಕ್ಕೇ ಇದನ್ನು ಸಾಧು ಎನ್ನಲಾಗದು.

ಹಾಗಾಗಿ ಅನುಭವಸ್ಥರು ಇದನ್ನು ಕೈಯಿಂದ ಮುಟ್ಟುವುದೇ ಇಲ್ಲ. ಡಬ್ಬಿಯ ಮುಚ್ಚಳ ತೆಗೆಯುವುದು ಇನ್ನೊಂದು ದೊಡ್ಡ ಡಬ್ಬಿಯೊಳಗೆ. ಪಕ್ಕದಲ್ಲಿ ಬೋರಲು ಹಾಕಲು ಒಂದು ಪಾರದರ್ಶಕ ಲೋಟ, ಮೆಲ್ಲಗೆ ತಳ್ಳಲು ಒಂದು ಪೇಂಟಿಂಗ್ ಬ್ರಷ್ಷು. ಜೇಡ ಆ ಬ್ರಷ್ಷಿನ ಮೇಲೇ ಹತ್ತಿ ಮೊಳಕೈವರೆಗೆ ಓಡಿಬರಬಹುದು. ಆಗ ಕೊಡವಬಾರದು. ಕೊಡವಿದರೆ ಕಡಿತ ತಪ್ಪುತ್ತದೋ ಇಲ್ಲವೋ, ಎತ್ತರದಿಂದ ಬಿದ್ದ ಜೇಡದ ಹೊಟ್ಟೆ ಒಡೆದುಹೋಗುವುದು ಸುಲಭ.

ಇನ್ನು ಗಂಡಿನ ವಿಷಯ. ಎಳೆಯ ಜೇಡಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಮೇಲ್ನೋಟಕ್ಕೆ ಹೇಳಲಾಗದು. ಬಿಟ್ಟ ಪೊರೆಯನ್ನು ನೀರಿನಲ್ಲಿ ನೆನೆಸಿ, ಹರಿಯದಂತೆ ಬಿಡಿಸಿ, ಹೊಟ್ಟೆಯ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಹೆಣ್ಣಾದರೆ ಅಲ್ಲಿ ವೀರ್ಯ ಕೂಡಿಡುವ ಚೀಲದ ಮಡಿಕೆ ಕಾಣುತ್ತದೆ. ಈ ಚೀಲದ ಒಳಪದರವೂ ಪೊರೆಯ ಜೊತೆಗೇ ಕಳಚಿಬರುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಂಡು ಒಂದೂವರೆ ವರ್ಷದ ಆಸುಪಾಸಿನಲ್ಲಿ ಕೊನೆಯ ಸಲ ಪೊರೆ ಬಿಡುತ್ತದೆ. ಹೊರಬಂದಾಗ ಕಾಲು ಉದ್ದ, ಹೊಟ್ಟೆ ಸಣ್ಣ, ಬಣ್ಣ ಮಂಕು. ಬಾಯಿಯ ಪಕ್ಕದ ಎರಡು ಗಿಡ್ಡ ಕೈಗಳ ತುದಿ ಉಬ್ಬಿ, ಅದರಡಿ ಕೊಕ್ಕೆಯಂಥ ಬಲ್ಬು ಮೂಡಿರುತ್ತದೆ. ಜೇಡಗಳ ಗಂಡಿಗೆ ಶಿಶ್ನ ಇಲ್ಲ. ಈ ಬಲ್ಬೇ ಅದರ ಕೆಲಸ ಮಾಡುತ್ತದೆ. ಆದರೆ ವೀರ್ಯ ಹುಟ್ಟುವುದು ಹೊಟ್ಟೆಯಲ್ಲಿ, ಬಲ್ಬು ಇರುವುದು ಮುಖದ ಹತ್ತಿರ. ಅಲ್ಲಿಂದ ಇಲ್ಲಿಗೆ ಸಾಗಿಸುವುದು ಹೇಗೆ? ಒಂದು ರಾತ್ರಿ ಗಂಡು ಡಬ್ಬಿಯ ಮೂಲೆಯಲ್ಲಿ ಚಪ್ಪರದಂತೆ ಪುಟ್ಟ ಬಲೆ ಹೆಣೆಯುತ್ತದೆ. ಅದರಡಿಗೆ ಬೆನ್ನು ಕೆಳಗಾಗಿ ನುಸುಳಿ, ಬಲೆಯ ಒಳಮೈಗೆ ವೀರ್ಯದ ಹನಿ ಅಂಟಿಸುತ್ತದೆ. ಆಮೇಲೆ ಹೊರಬಂದು ಬಲೆಯ ಮೇಲೇರಿ, ಅಂಚಿನಿಂದ ಕೈಗಳನ್ನು ಕೆಳಕ್ಕೆ ಚಾಚಿ, ಒಂದಾದ ಮೇಲೊಂದರಂತೆ ಬಲ್ಬುಗಳನ್ನು ಆ ಹನಿಗೆ ಅದ್ದಿ ಅದ್ದಿ ಹೀರಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಬಲೆಯನ್ನು ಹರಿದು ಹಾಕುವುದೂ ಉಂಟು. ಬೆಳಿಗ್ಗೆ ಮೂಲೆಯಲ್ಲಿ ಮುದುಡಿದ ನೂಲಿನ ಚಿಂದಿ ಕಂಡರೆ ಸಾಕಿದವರಿಗೆ ಹಬ್ಬ. ಗಂಡು ತಯಾರು.

ಹೆಣ್ಣು ತಯಾರೋ? ಪ್ರೌಢ ಹೆಣ್ಣೂ ಆಗಾಗ ಪೊರೆ ಬಿಡುತ್ತಲೇ ಇರುತ್ತದೆ. ಕೂಡಿದ ಮೇಲೆ ಮೊಟ್ಟೆ ಇಡುವ ಮುಂಚೆ ಪೊರೆ ಬಿಟ್ಟರೆ, ಆಗಲೇ ಹೇಳಿದ ಚೀಲದ ಒಳಪದರದೊಂದಿಗೆ ಕೂಡಿಟ್ಟ ವೀರ್ಯವೂ ಹೋಯಿತು, ಪಟ್ಟ ಪಾಡೆಲ್ಲ ಹೊಳೆಗೆ ಹೋಯಿತು. ಆದ್ದರಿಂದ ಹೊಸ ಪೊರೆ ಬಿಟ್ಟು ಕೆಲವು ವಾರ ಕಳೆದ, ಹೊಟ್ಟೆ ತುಂಬ ಜಿರಲೆ, ಮಿಡತೆ ತಿಂದ ಹೆಣ್ಣನ್ನು ಆರಿಸುತ್ತಾರೆ. ಹೊಟ್ಟೆ ತುಂಬಿರಬೇಕಾದ ಕಾರಣ ಬಿಡಿಸಿ ಹೇಳಬೇಕಿಲ್ಲ.

ಗಂಡನ್ನು ಒಳಗೆ ಬಿಟ್ಟ ಮೇಲೆ ನಡೆಯುವುದೆಲ್ಲ ಕಂಪನದ ಭಾಷೆ. ಹೆಣ್ಣಿನ ನೂಲಿನ ವಾಸನೆ ಸಿಕ್ಕ ಕೂಡಲೇ ಗಂಡು ಮೈ ನಡುಗಿಸುತ್ತ, ಕೈಗಳಿಂದ ತೊಗಟೆಯನ್ನು ಟಕಟಕ ಕುಟ್ಟುತ್ತದೆ. ಒಪ್ಪಿಗೆಯಿದ್ದರೆ ಪೊಟರೆಯೊಳಗಿಂದ ಹೆಣ್ಣೂ ಕುಟ್ಟಿ ಉತ್ತರ ಕೊಡುತ್ತದೆ. ಸಪ್ಪಳ ಡಬ್ಬಿಯ ಹೊರಗೂ ಕೇಳಿಸುವುದುಂಟು. ಬೇರೆ ಹಲವು ಟರಾಂಟುಲಾಗಳ ಗಂಡಿಗೆ ಮುಂಗಾಲಿನಲ್ಲಿ ಕೊಕ್ಕೆಗಳಿರುತ್ತವೆ, ಹೆಣ್ಣಿನ ಕೋರೆಗಳನ್ನು ಅದರಲ್ಲಿ ಸಿಕ್ಕಿಸಿ ಹಿಡಿಯಲಿಕ್ಕೆ. ಪೊಯಿಸಿಲೊಥೀರಿಯಾ ಗಂಡುಗಳಿಗೆ ಅದೂ ಇಲ್ಲ. ಬರಿಗಾಲಿನಿಂದ ಹೆಣ್ಣನ್ನು ಎತ್ತಿ ಹಿಂದಕ್ಕೆ ಬಾಗಿಸಿ, ಹೊಟ್ಟೆಯಡಿಯ ಸೀಳಿಗೆ ಬಲ್ಬು ತಾಗಿಸಬೇಕು. ಇಷ್ಟು ಮುಂಗೋಪದ ಜೇಡ ಈ ಒಂದು ವಿಷಯದಲ್ಲಿ ಮಾತ್ರ ಅಚ್ಚರಿಪಡುವಷ್ಟು ಸಹನೆ ತೋರುತ್ತದೆ. ಆಫ್ರಿಕಾದ ಕಿತ್ತಳೆ ಬಬೂನ್ ಜೇಡದ ಗಂಡು ಕೆಲಸ ಮುಗಿದದ್ದೇ ತಡ ಪ್ರಾಣ ಉಳಿಸಿಕೊಳ್ಳಲು ಓಡಿದರೆ, ಇಲ್ಲಿ ಗಂಡನ್ನು ವಾರಗಟ್ಟಲೆ ಹೆಣ್ಣಿನ ಜೊತೆಗೇ ಬಿಡುವವರಿದ್ದಾರೆ. ಎರಡೂ ಒಂದೇ ತೊಗಟೆಯ ಹಿಂದೆ ಮಲಗಿರುತ್ತವೆ. ಎಂದಾದರೂ ಒಂದು ಬೆಳಿಗ್ಗೆ ಗಂಡಿನ ಕಾಲುಗಳಷ್ಟೇ ಉಳಿದಿರುವುದೂ ಉಂಟು.

ಮೊಟ್ಟೆಗೆ ಕಾಯುವ ತಿಂಗಳುಗಳೇ ಈ ಕಸುಬಿನ ನಿಜವಾದ ಪರೀಕ್ಷೆ. ಸಾಕುವವರು ಇಲ್ಲಿ ನಲ್ಲಮಲದ ಋತುಚಕ್ರವನ್ನೇ ಡಬ್ಬಿಗೆ ತರುತ್ತಾರೆ: ಕೆಲವು ವಾರ ಒಣಹವೆ, ಸ್ವಲ್ಪ ತಂಪು, ಆಮೇಲೆ ತಾಪ ಏರಿಸಿ ಮಣ್ಣಿಗೆ ನೀರು. ಮಳೆ ಬಂತೆಂದು ಜೇಡ ನಂಬಬೇಕು. ನಂಬಿದರೆ ತೊಗಟೆಯ ಸೀಳನ್ನು ನೂಲಿನಿಂದ ಮುಚ್ಚಿಕೊಂಡು, ಒಳಗೆ ರೇಷ್ಮೆಯ ಚೀಲ ಹೆಣೆದು ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಆ ಹೊತ್ತಿನಲ್ಲಿ ಕಪಾಟಿನ ಬಾಗಿಲು ಜೋರಾಗಿ ಹಾಕಿದರೂ ಕಷ್ಟ. ಗಾಬರಿಯಾದ ತಾಯಿ ಚೀಲವನ್ನೇ ತಿಂದುಬಿಡಬಹುದು. ಹಾಗಾಗಿ ಸುಮಾರು ಒಂದು ತಿಂಗಳಾದ ಮೇಲೆ ಚೀಲವನ್ನು ತಾಯಿಯಿಂದ ಕಸಿದು ತಾವೇ ಕಾವು ಕೊಡುವವರು ಹೆಚ್ಚು. ಡಬ್ಬಿಯ ತಳದಲ್ಲಿ ಒದ್ದೆ ಕಾಗದ, ಮೇಲೆ ತೊಟ್ಟಿಲಿನಂತೆ ಬಿಗಿದ ನೈಲಾನ್ ಬಟ್ಟೆ, ಅದರಲ್ಲಿ ಕೆನೆಬಣ್ಣದ ಮೊಟ್ಟೆಗಳು. ತೇವ ಹೆಚ್ಚಾದರೆ ಬೂಸು, ಕಡಿಮೆಯಾದರೆ ಸುಕ್ಕು. ಮೊಟ್ಟೆ ಒಡೆದು ಮೊದಲು ಹೊರಬರುವುದು ಜೇಡ ಅನ್ನಿಸುವುದೇ ಇಲ್ಲ. ಕಾಲು ಮೂಡಿದ ಮೊಟ್ಟೆ, ಅಷ್ಟೇ. ನಡೆಯಲಾರದು, ತಿನ್ನಲಾರದು, ಹೊಟ್ಟೆಯಲ್ಲಿ ಉಳಿದ ಬಂಡಾರದ ಮೇಲೆ ಬದುಕುತ್ತದೆ. ಇನ್ನೂ ಎರಡು ಸಲ ಪೊರೆ ಬಿಟ್ಟ ಮೇಲಷ್ಟೇ ಬೇಟೆಯಾಡುವ ಮರಿ. ಅದರ ಬಣ್ಣ ಬೂದು. ನೀಲಿ ಏರುವುದು ಮುಂದಿನ ಪೊರೆಗಳಲ್ಲಿ, ಮೆಲ್ಲಮೆಲ್ಲಗೆ.

ಆ ನೀಲಿಯಲ್ಲಿ ಬಣ್ಣದ ಪುಡಿ ಎಂಬುದಿಲ್ಲ. ಕೂದಲಿನೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ, ಸುಮಾರು 450 ನ್ಯಾನೋಮೀಟರ್ ಅಲೆಯುದ್ದದ ನೀಲಿಯನ್ನಷ್ಟೇ ನಮ್ಮ ಕಣ್ಣಿಗೆ ಕಳಿಸುತ್ತದೆ. ಟರಾಂಟುಲಾಗಳ ವಂಶವೃಕ್ಷದಲ್ಲಿ ಇಂಥ ನೀಲಿ ಕಡೇಪಕ್ಷ ಎಂಟು ಸಲ ಬೇರೆಬೇರೆಯಾಗಿ ಹುಟ್ಟಿದೆ ಎಂದು ಅಮೆರಿಕದ ಏಕ್ರನ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ತೋರಿಸಿತು. ಟರಾಂಟುಲಾಗಳ ಕಣ್ಣು ಮಂದ, ಆದ್ದರಿಂದ ನೀಲಿ ಇರುವುದು ಸಂಗಾತಿಯನ್ನು ಸೆಳೆಯಲಿಕ್ಕಲ್ಲ ಎಂದು ಅವರ ವಾದ. ಇವುಗಳಿಗೆ ಬಣ್ಣ ಕಾಣಲು ಬೇಕಾದ ಪ್ರೋಟೀನುಗಳು ಇದ್ದೇ ಇವೆ ಎಂದು 2020ರಲ್ಲಿ ಇನ್ನೊಂದು ತಂಡ ಹೇಳಿದ ಮೇಲೆ ಆ ಚರ್ಚೆ ಮತ್ತೆ ತೆರೆದುಕೊಂಡಿದೆ.

ಜೇಡಕ್ಕೆ ಆ ನೀಲಿಯಿಂದ ಏನು ಉಪಯೋಗವೋ, ಮಾರುಕಟ್ಟೆಗಂತೂ ಅದು ಬಂಗಾರವಾಯಿತು. ಕಾಡಿನಲ್ಲಿ ಮತ್ತೆ ಸಿಕ್ಕ ಕೆಲವೇ ವರ್ಷಗಳಲ್ಲಿ ಜೇಡ ಪಶ್ಚಿಮದ ದೇಶಗಳಲ್ಲಿ ಪ್ರತ್ಯಕ್ಷವಾಯಿತು. ಆರಂಭದಲ್ಲಿ ಒಂದೊಂದಕ್ಕೆ ನೂರಾರು ಡಾಲರ್. ಸಾಕುವವರ ಕೈ ಪಳಗಿ, ಮರಿಗಳು ಹೆಚ್ಚಿದಂತೆ ಬೆಲೆ ಇಳಿಯಿತು. ಇದರಿಂದ ಕಾಡಿನ ಜೇಡಗಳ ಮೇಲಿನ ಕಣ್ಣು ತಪ್ಪಿತು ಎಂದು ಸಾಕುವವರು ಎದೆ ತಟ್ಟಿ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಗಂಡಿನ ಆಯಸ್ಸು, ಮೊಟ್ಟೆಯ ಹಂತಗಳು, ಮರಿಗಳ ಬೆಳವಣಿಗೆ, ಇವುಗಳಲ್ಲಿ ಬಹುಪಾಲು ನಮಗೆ ಗೊತ್ತಾದದ್ದು ಕಾಡಿನ ಅಧ್ಯಯನದಿಂದಲ್ಲ, ಇವರ ಕಪಾಟುಗಳಿಂದ ಎಂಬುದೂ ನಿಜ. ಆದರೆ ಜೇಡ ಉಳಿದುಕೊಂಡಿತು ಎಂಬ ಅವರ ಮಾತನ್ನು ನಾನು ಒಪ್ಪಲಾರೆ.

ಒಂದು ಜೀವಿಯನ್ನು ಸಂರಕ್ಷಣೆಗಾಗಿ ಸಾಕುವುದಾದರೆ ಯಾವ ಗಂಡು ಯಾವ ಹೆಣ್ಣಿನೊಂದಿಗೆ ಕೂಡಿತು ಎಂಬ ವಂಶಾವಳಿ ಬರೆದಿಡಬೇಕು. ಹವ್ಯಾಸಿಗಳ ಜೇಡಗಳಿಗೆ ಅಂಥ ದಫ್ತರವಿಲ್ಲ. ಕೆಲವೇ ಮೂಲ ಜೇಡಗಳಿಂದ ಬಂದ ಸಂತತಿಯಲ್ಲಿ ಒಡಹುಟ್ಟಿದವುಗಳೇ ಮತ್ತೆ ಮತ್ತೆ ಕೂಡಿರುತ್ತವೆ. ಈ ಕುಲದ ಬೇರೆ ಪ್ರಭೇದಗಳ ನಡುವೆ ಬೆರಕೆಯೂ ಆಗಿದೆ. ಇಂಗ್ಲೆಂಡಿನ ಚೆಸ್ಟರ್ ಮೃಗಾಲಯ ಕೆರಿಬಿಯನ್ನಿನ ಮಾಂಟ್‌ಸೆರಾಟ್ ದ್ವೀಪದ ಟರಾಂಟುಲಾವನ್ನು ಮೊದಲ ಬಾರಿಗೆ ಮರಿ ಮಾಡಿಸಿ, 2016ರಲ್ಲಿ ಸುಮಾರು 200 ಮರಿಗಳನ್ನು ಪಡೆಯಿತು. ಅಲ್ಲಿ ಜೇಡಗಳು ಬಂದದ್ದು ಎಲ್ಲಿಂದ, ಯಾವಾಗ ಎಂಬುದು ದಾಖಲೆಯಲ್ಲಿದೆ. ಗುತ್ತಿಯ ಜೇಡಕ್ಕೆ ಆ ಭಾಗ್ಯವಿಲ್ಲ.

ಕಾನೂನು ತಡವಾಗಿ ಬಂತು. ಶ್ರೀಲಂಕಾ ಮತ್ತು ಅಮೆರಿಕ ಮುಂದಿಟ್ಟ ಪ್ರಸ್ತಾವದಂತೆ 2019ರಲ್ಲಿ ಜಿನೀವಾದ ಸಭೆ ಇಡೀ ಪೊಯಿಸಿಲೊಥೀರಿಯಾ ಕುಲವನ್ನು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿತು. ಈಗ ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಮಾಡಿದ ತಿದ್ದುಪಡಿ ಸೈಟಿಸ್ ಜೀವಿಗಳಿಗೆಂದೇ ಒಂದು ಅನುಸೂಚಿ ತಂದಿತು. ಅಂಥವನ್ನು ಸಾಕುವುದಾದರೆ ಲೆಕ್ಕ ಒಪ್ಪಿಸಬೇಕು. ಪಶ್ಚಿಮ ಘಟ್ಟದಲ್ಲಿರುವ ಇದರ ದಾಯಾದಿ, ಹೊರದೇಶದವರು ಮೈಸೂರಿನ ಹೆಸರಿಟ್ಟು ಮಾರುವ ಪೊಯಿಸಿಲೊಥೀರಿಯಾ ಸ್ಟ್ರೈಯಾಟಾಕ್ಕೂ ಸೈಟಿಸ್‌ನ ಇದೇ ನಿಯಮ.

ಐಯುಸಿಎನ್ ಹೇಳುವಂತೆ ನಲ್ಲಮಲದಲ್ಲಿ ಇದರ ದೊಡ್ಡ ಶತ್ರು ಜೇಡ ಹಿಡಿಯುವವನಿಗಿಂತ ಮರ ಕಡಿಯುವವನು. ಇದಕ್ಕೆ ಬೇಕಾದದ್ದು ವಯಸ್ಸಾದ, ಕೊಂಬೆ ಮುರಿದು ಪೊಟರೆ ಬಿದ್ದ ಮರ. ಸೌದೆಗೆಂದು ಕಾಡಿಗೆ ಹೋದವರು ಮೊದಲು ಹುಡುಕುವುದೂ ಅರೆ ಒಣಗಿದ ಅಂಥದ್ದೇ ಮರವನ್ನು. ನಾಳೆ ಯಾರಾದರೂ ಸಾವಿರ ಮರಿಗಳನ್ನು ಉಚಿತವಾಗಿ ಕೊಡುತ್ತೇನೆಂದು ಬಂದರೂ, ಅವುಗಳ ವಂಶ ಪರೀಕ್ಷಿಸುವ ಮೊದಲು ಅರಣ್ಯ ಇಲಾಖೆ ಇನ್ನೊಂದು ಲೆಕ್ಕ ತೆಗೆಯಬೇಕಾಗುತ್ತದೆ: ನಂದ್ಯಾಲ–ಗಿದ್ದಲೂರು ನಡುವೆ ಪೊಟರೆಯಿರುವ ಮರಗಳು ಎಷ್ಟು ಉಳಿದಿವೆ, ಅವುಗಳಲ್ಲಿ ಎಷ್ಟರಲ್ಲಿ ಈಗಾಗಲೇ ಜೇಡವಿದೆ. ಅದು ರಾತ್ರಿ ಟಾರ್ಚು ಹಿಡಿದು ಮರದಿಂದ ಮರಕ್ಕೆ ನಡೆದೇ ಮಾಡಬೇಕಾದ ಕೆಲಸ.