ಮಳೆ ಹೋಯಿತು, ಹಿತ್ತಲು ಏಳಲಿ

ಅಕ್ಟೋಬರ್ ಬಂತೆಂದರೆ ಮೊಬೈಲಿನಲ್ಲಿ ‘ಚಳಿಗಾಲಕ್ಕೆ ತೋಟ ಸಜ್ಜುಗೊಳಿಸಿ’ ಎಂಬ ವಿಡಿಯೊಗಳ ಸಾಲು. ಗಿಡ ಸವರಿ, ಗಡ್ಡೆ ಕಿತ್ತು ಒಳಗಿಡಿ, ಹುಲ್ಲುಹಾಸಿಗೆ ಕೊನೆಯ ಗೊಬ್ಬರ ಕೊಡಿ ಎಂಬ ಉಪದೇಶ. ಹಿಮ ಬೀಳುವ ಊರಿಗೆ ಅದೆಲ್ಲ ಸರಿ. ಕಾರವಾರ–ಅಂಕೋಲಾ ನಡುವಿನ ಅರ್ಗಾದಲ್ಲಿ ಜನವರಿಯ ರಾತ್ರಿಯೂ 20 ಡಿಗ್ರಿಯ ಆಚೀಚೆ. ಇಲ್ಲಿ ತರಕಾರಿ ಮಡಿಗಳು ಜೋಮು ಹಿಡಿದು ಕೂರುವುದು ಜುಲೈಯ ಜಡಿಮಳೆಯಲ್ಲಿ. ನವರಾತ್ರಿ ಕಳೆದು ಬಿಸಿಲು ಬಿದ್ದ ಮೇಲೆಯೇ ಹಿತ್ತಲಿಗೆ ಜೀವ.

ಹಾಗಾದರೆ ಸಿದ್ಧತೆ ಯಾವುದಕ್ಕೆ? ಚಳಿಗಲ್ಲ, ಒಣಗಾಲಕ್ಕೆ. ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿದುಹೋಗುತ್ತದೆ. ಹೆದ್ದಾರಿಯ ಮೇಲೇ ನೀರು ನಿಲ್ಲುವಷ್ಟು ಸುರಿದ ಊರಿನಲ್ಲಿ, ಏಪ್ರಿಲ್ ಹೊತ್ತಿಗೆ ಕಡಲ ಪಕ್ಕದ ಬಾವಿ ಉಪ್ಪಾಗುತ್ತದೆ. ಈಗ ನೆಲದೊಳಗಿರುವ ತೇವವನ್ನು ಎಷ್ಟು ದಿನ ಹಿಡಿದಿಡುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮೊದಲ ಕೆಲಸ ಅಂಗಳದ್ದು. ಪಾಚಿ ಕೆರೆದು, ಹುಲ್ಲು ಹೆರೆದು, ಕೊಚ್ಚಿಹೋದಲ್ಲಿ ಹೊಸ ಮಣ್ಣು ತುಂಬಿ, ನೀರು ಚಿಮುಕಿಸಿ ಬಡಿದು ಗಟ್ಟಿಮಾಡಿ, ಸಗಣಿ ಸಾರಿಸುವುದು. ಗದ್ದೆಯ ಭತ್ತ ಬಂದು ಬೀಳಬೇಕು, ಕಾರ್ತಿಕದಲ್ಲಿ ತುಳಸಿ ಮದುವೆಯಾಗಬೇಕು. ಅಷ್ಟರೊಳಗೆ ಅಂಗಳ ತಯಾರಾಗಬೇಕೆಂಬುದು ಹಳೆಯ ಲೆಕ್ಕ. ಈಗ ಬಹಳ ಮನೆಗಳಲ್ಲಿ ಇಂಟರ್‌ಲಾಕ್ ಬಂದಿದೆ. ಪಾಚಿ ಹೋಗಲೆಂದು ಅದರ ಮೇಲೆ ಬ್ಲೀಚಿಂಗ್ ಪೌಡರ್ ಎರಚುತ್ತಾರೆ. ತೊಳೆದ ನೀರು ನೇರ ಬಸಳೆಯ ಬುಡಕ್ಕೆ ಹೋಗುತ್ತದೆ, ಆಮೇಲೆ ಎಲೆ ಹಳದಿಯಾಯಿತೆಂದು ಔಷಧಿ ಅಂಗಡಿಗೆ ಓಡುತ್ತೇವೆ.

ಹಿತ್ತಲಿನ ಮಣ್ಣಿಗೆ ನಾಲ್ಕು ತಿಂಗಳ ಮಳೆ ದೊಡ್ಡ ಪೆಟ್ಟು ಕೊಟ್ಟಿರುತ್ತದೆ. ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿ. ಸಾರಜನಕ, ಪೊಟ್ಯಾಷ್ ಎರಡೂ ನೀರಿನೊಡನೆ ಇಳಿದುಹೋಗಿರುತ್ತವೆ. ಒಲೆಬೂದಿಯ ಬೆಲೆ ತಿಳಿಯುವುದು ಇಲ್ಲೇ. ಅದು ಪೊಟ್ಯಾಷ್ ಕೊಡುತ್ತದೆ, ಹುಳಿಯನ್ನೂ ತಗ್ಗಿಸುತ್ತದೆ. ಗ್ಯಾಸ್ ಬಂದ ಮೇಲೆ ಬೂದಿಗೆ ಬಡತನ. ಬಚ್ಚಲೊಲೆ ಉಳಿಸಿಕೊಂಡವರು ಪುಣ್ಯವಂತರು. ಉಳಿದವರು ಚಿಪ್ಪಿಸುಣ್ಣವನ್ನು ಹದವಾಗಿ ಬೆರೆಸಿ, ಹತ್ತಾರು ದಿನ ಬಿಟ್ಟು ಹಟ್ಟಿಗೊಬ್ಬರ ಹಾಕಬಹುದು. ಎರಡನ್ನೂ ಒಟ್ಟಿಗೇ ಸುರಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ಹರಿವೆ ಬಿತ್ತುವುದನ್ನು ಹಾಲಕ್ಕಿ ಸಮುದಾಯದ ಹೆಂಗಸರ ಮಡಿಗಳಲ್ಲಿ ನೋಡಬೇಕು. ಹೆಂಟೆಯೊಂದೂ ಉಳಿಯದಂತೆ ಪುಡಿಮಾಡಿದ ಮಡಿ. ಸಾಸಿವೆಗಿಂತ ಸಣ್ಣ ಬೀಜ ಕೈಯಿಂದ ಗುಂಪಾಗಿ ಜಾರದಂತೆ ಒಣ ಮರಳಿನೊಡನೆ ಬೆರೆಸಿ ಉದುರಿಸುತ್ತಾರೆ. ಮೇಲೆ ಮಣ್ಣು ಎಳೆಯುವುದಿಲ್ಲ, ಅಂಗೈಯಿಂದ ತಟ್ಟುತ್ತಾರೆ ಅಷ್ಟೆ. ಇರುವೆ ಹೊತ್ತೊಯ್ಯದಂತೆ ಅಂಚಿಗೆ ಬೂದಿ. ನೀರನ್ನು ಕೊಡದಿಂದ ಹುಯ್ಯುವುದಿಲ್ಲ, ಕೈಯಡ್ಡ ಹಿಡಿದು ಚಿಮುಕಿಸುತ್ತಾರೆ. ಒತ್ತಾಗಿ ಎದ್ದ ಸಸಿಗಳನ್ನು ಕಿತ್ತದ್ದೇ ಮೊದಲ ಪಲ್ಯ. ತಿಂಗಳಾಗುವಷ್ಟರಲ್ಲಿ ದಂಟು ಪೇಟೆಗೆ.

ಬಸಳೆಗೆ ಬೇರೆ ಉಪಚಾರ. ಬಲಿತ ಬಳ್ಳಿಯ ತುಂಡನ್ನು ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ಊರಿ, ಚಿಗುರು ಬಂದಂತೆ ಬುಡಕ್ಕೆ ಗೊಬ್ಬರ ಮಣ್ಣು ಏರಿಸುತ್ತ, ಚಪ್ಪರಕ್ಕೆ ಹಬ್ಬಿಸಬೇಕು. ಬಟ್ಟಲು ತೊಳೆದ ನೀರು ಸಾಲುವ ಗಿಡ ಅದು. ಕಾರವಾರದ ಕಡೆ ಶೆಟ್ಲಿ (ಸಿಗಡಿ) ಹಾಕಿ ಬಸಳೆ ಸಾರು ಮಾಡಿ ಉಂಡವರಿಗೆ ಈ ಚಪ್ಪರ ಯಾಕೆ ಬೇಕೆಂದು ಹೇಳಬೇಕಾಗಿಲ್ಲ.

ಮಡಿಗಳಿಗೆ ದರಕು (ಒಣ ಎಲೆ) ಹೊದಿಸಿ. ಬೇಲಿಯ ‘ಕಮ್ಯುನಿಸ್ಟ್ ಗಿಡ’ವನ್ನು ಹೂ ಬಿಡುವ ಮೊದಲೇ ಕಡಿದರೆ ಒಳ್ಳೆಯ ಹಸಿರುಗೊಬ್ಬರ, ತಡಮಾಡಿದರೆ ಬೀಜ ಇಡೀ ಹಿತ್ತಲಿಗೆ. ತೆಂಗಿಗೆ ವರ್ಷದ ಗೊಬ್ಬರದಲ್ಲಿ ಮೂರನೇ ಎರಡು ಪಾಲನ್ನು ಮಳೆಗಾಲ ಮುಗಿಯುವಾಗ ಕೊಡುವುದು ರೂಢಿಯ ಶಿಫಾರಸು. ಬುಡದಿಂದ ಆರಡಿ ದೂರದವರೆಗೆ ಪಾತಿ ಬಿಡಿಸಿ, ಗೊಬ್ಬರ ಹಾಕಿ, ಮೇಲೆ ತೆಂಗಿನ ಸಿಪ್ಪೆಯನ್ನು ಬೋರಲಾಗಿ ಹೊದಿಸಿದರೆ ತೇವ ಆರದು. ಗೊಬ್ಬರಗುಂಡಿಯನ್ನೂ ಒಮ್ಮೆ ಕೆದಕಿ. ಸುಳಿ ಕೊರೆಯುವ ಕುರುವಾಯಿ ಕೀಟದ ಮರಿಗಳು ಅಲ್ಲೇ ಬೆಳೆಯುತ್ತವೆ.

ಇನ್ನು ಲಾನ್. ಅರ್ಗಾಕ್ಕೆ ಅದು ನೌಕಾನೆಲೆಯ ಜತೆ ಬಂದ ನೆಂಟ ಎನ್ನಬೇಕು. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ನಡುವೆ ಸಾವಿರಾರು ಕುಟುಂಬಗಳು ಗದ್ದೆ, ಹಿತ್ತಲು, ಬಾವಿ ಬಿಟ್ಟು ಪುನರ್ವಸತಿ ಕಾಲೊನಿಗಳ ಸೈಟುಗಳಿಗೆ ಹೋದವು. ಹೋದವರು ಆ ಸೈಟಿನ ಮೂಲೆಯಲ್ಲೂ ಬಸಳೆ ಊರಿದರು; ಇತ್ತ ಹೊಸ ಕಟ್ಟಡಗಳ ಮುಂದೆ ಹುಲ್ಲು ಹಾಸಿಕೊಂಡಿತು. ಅದನ್ನು ನೋಡಿ ಹೆದ್ದಾರಿ ಪಕ್ಕದ ಮನೆಗಳಿಗೂ ಆಸೆ ಹುಟ್ಟಿತು.

ಲಾನ್ ಇದ್ದವರು ಈಗ ಮಾಡಬೇಕಾದ್ದು ಇಷ್ಟು: ಮಳೆಗೆ ಗಟ್ಟಿಯಾದ ನೆಲವನ್ನು ಮೊಳೆಗೋಲಿನಿಂದ ಚುಚ್ಚಿ, ಜರಡಿಯಾಡಿದ ಗೊಬ್ಬರ–ಮರಳು ಎರಚಿ. ಮುಟ್ಟಿದರೆ ಮುನಿಯನ್ನು ಬೀಜ ಕಟ್ಟುವ ಮೊದಲೇ ಬೇರುಸಹಿತ ಕೀಳಿ. ಹುಲ್ಲನ್ನು ಬೋಳಿಸಬೇಡಿ, ಎರಡಿಂಚು ಬಿಡಿ. ಬುಡಕ್ಕೆ ನೆರಳು ಬೇಕು. ಮಾವಿನ ಮರದಡಿ ಲಾನ್ ಇದ್ದರೆ ನವೆಂಬರಿನಿಂದ ನೀರು ನಿಲ್ಲಿಸಿ. ಹೂ ಬಿಡಲು ಮಾವಿಗೆ ಒಂದಿಷ್ಟು ಒಣಗಾಲ ಬೇಕು. ಬೇರು ಸದಾ ತೇವವಾಗಿದ್ದರೆ ಹೂವಿನ ಬದಲು ಚಿಗುರು ಬರುತ್ತದೆ. ಅಂಕೋಲೆಯ ಕರಿ ಇಶಾಡ ಮಾವಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಅಂಥ ಮರವನ್ನು ಹುಲ್ಲಿಗಾಗಿ ಬಂಜೆಯಾಗಿಸುವುದನ್ನು ನನಗಂತೂ ಸಹಿಸಲಾಗದು.

ಮಾರ್ಚ್ ಬಂದು ಬಾವಿ ಇಳಿದರೆ ಮೊದಲು ನೀರು ಕಡಿಯಬೇಕಾದ್ದು ಲಾನಿಗೇ. ಗರಿಕೆ ಕಂದಾದರೆ ಸತ್ತಿತೆಂದಲ್ಲ, ಜೂನಿನ ಎರಡು ಮಳೆಗೆ ಮತ್ತೆ ಏಳುತ್ತದೆ. ಹರಿವೆ, ಬಸಳೆಗೆ ಆ ತಾಳ್ಮೆಯಿಲ್ಲ.

ಈ ರವಿವಾರ ಕಾರವಾರದ ಸಂತೆಗೆ ಹೋದರೆ ಸೊಪ್ಪಿನ ಜತೆ ಬೀಜವನ್ನೂ ಕೇಳಿ ನೋಡಿ. ಮಾರುವವರಲ್ಲಿ ಸೆರಗಿನ ಗಂಟಲ್ಲೋ ಮನೆಯ ಡಬ್ಬಿಯಲ್ಲೋ ಇದ್ದರೆ ಕೊಡುತ್ತಾರೆ. ಚೌಕಾಶಿ ಮಾತ್ರ ಮಾಡಬೇಡಿ.